ನನ್ನ ಬಾಗಿಲ ಮೇಲೆ ಮ್ಯಾಗ್ನಾನಿಮಸ್

ನನ್ನ ಷಡ್ಡಕ ಉಮಾಪತಿಯ ಬೇಕರಿ ಬಾಗಿಲ ಮೇಲೆ ಎಷ್ಟು ಇಂಗ್ಲಿಷ್ ಪದಗಳಿವೆ ಎಂದು ನನ್ನನ್ನು ಕೇಳಬೇಡಿ. ಅವನ್ನೆಲ್ಲ ಬರೆದವನು ನಾನೇ. ಈ ಊರಿನಲ್ಲಿ ಬೋರ್ಡು ಬರೆಯುವವನು ನಾನೊಬ್ಬನೇ ಆದ್ದರಿಂದ ಬೇರೆ ದಾರಿಯಿರಲಿಲ್ಲ. ಏಣಿ ಹತ್ತಿ, ಕುತ್ತಿಗೆ ನೋಯಿಸಿಕೊಂಡು, ಒಂದೊಂದು ಅಕ್ಷರಕ್ಕೂ ಹೊಟ್ಟೆ ಉರಿಸಿಕೊಂಡು ಬರೆದಿದ್ದೇನೆ. ಯುಫೋರಿಯಾ ಅವನದು. ಗ್ರಿಗೇರಿಯಸ್ ಅವನದು. ನಾಸ್ಟಾಲ್ಜಿಯಾ, ಎಕ್ಸ್ಯೂಬರೆಂಟ್, ಸೆರೆನಿಟಿ ಎಲ್ಲವೂ ಅವನವೇ. ಅವುಗಳ ಅರ್ಥ ಏನು ಎಂದೂ ನನ್ನನ್ನು ಕೇಳಬೇಡಿ, ಹೋಗಿ ಅವನನ್ನೇ ಕೇಳಿ. ನಗುನಗುತ್ತಾ ಹೇಳುತ್ತಾನೆ. ಹೇಳಿದ ಮೇಲೆ ಕೈಗೊಂದು ಬೆಣ್ಣೆ ಬಿಸ್ಕತ್ತೂ ಇಡುತ್ತಾನೆ. ನನಗೆ ಮೈ ಉರಿಯುವುದು ಅದಕ್ಕೇ.

ನಮ್ಮೂರಿನಲ್ಲಿ ದೊಡ್ಡ ಇಂಗ್ಲಿಷ್ ಪದದ ಉಚ್ಚಾರ ಎಲ್ಲರದು, ಅರ್ಥ ಮಾತ್ರ ಒಬ್ಬರದು. ಬಸ್ಸು, ಪೆನ್ನು, ಸೈಕಲ್ಲಿಗೆಲ್ಲ ಈ ತೊಂದರೆಯಿಲ್ಲ. ಡಿಕ್ಷನರಿ ತೆಗೆದು ನೋಡಬೇಕಾದಂಥ ಪದಗಳದು ಈ ಕಥೆ. ಪದ ಯಾರಿಗೆ ನಿಂತಿದೆಯೋ ಅವರ ಎದುರು ಕೂತು ಕೇಳಿದರೆ ಅರ್ಥ ಚೆನ್ನಾಗಿಯೇ ಆಗುತ್ತದೆ. ಅವರ ಮನೆ ಮೆಟ್ಟಿಲಿಳಿದು ರಸ್ತೆಗೆ ಬರುವಷ್ಟರಲ್ಲಿ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಜಾರಿಹೋಗಿರುತ್ತದೆ. ಹೊರಗಿನಿಂದ ಒಂದು ಇಂಗ್ಲಿಷ್ ಕಾಗದ ಬಂದರೆ ಅದನ್ನು ಹಿಡಿದುಕೊಂಡು ಈ ಬೀದಿಯಲ್ಲೊಂದು ಪದ, ಆ ಬೀದಿಯಲ್ಲೊಂದು ಪದ ಎಂದು ಮಧ್ಯಾಹ್ನವೆಲ್ಲ ಅಲೆಯಬೇಕು. ಹೆಣ್ಣು ನೋಡಲು ಬಂದವರು ಮೊದಲು ಬಾಗಿಲ ಮೇಲಿನ ಹಲಗೆ ಓದುತ್ತಾರೆ, ಆಮೇಲೆ ಉಪ್ಪಿಟ್ಟಿಗೆ ಕೈ ಹಾಕುತ್ತಾರೆ. ಹೊರಗಡೆಯ ಊರುಗಳಲ್ಲಿ ಒಂದೇ ಪದದ ಅರ್ಥವನ್ನು ಸಾವಿರಾರು ಜನ ಒಟ್ಟಿಗೇ ಇಟ್ಟುಕೊಂಡಿರುತ್ತಾರಂತೆ. ಜಗಳವಾಡದೆ ಹೇಗಿರುತ್ತಾರೋ ದೇವರಿಗೇ ಗೊತ್ತು.

ಪದ ಸಿಗುವುದು ಸುಲಭವಲ್ಲ. ಗುರುವಾರದ ಸಂಜೆ ವಾಚನಾಲಯದಲ್ಲಿ ಪಂಕಜಾಕ್ಷಿ ಮೇಡಂ ಡಿಕ್ಷನರಿ ತೆರೆದು, ಇನ್ನೂ ಯಾರಿಗೂ ಸೇರದ ಒಂದು ಪದವನ್ನೂ ಅದರ ಅರ್ಥವನ್ನೂ ಓದುತ್ತಾರೆ. ಬೇಕಾದವರು ಎದ್ದು ಆ ಪದ ಹಾಕಿ ಒಂದು ಸ್ವಂತ ವಾಕ್ಯ ಹೇಳಬೇಕು. ಸ್ವಂತ ಅಂದರೆ ಸ್ವಂತ ಬಾಳಿನದು, ನಡೆದದ್ದು. ವಾಕ್ಯ ನಿಜವಾಗಿದ್ದರೆ ಪದ ಅವರಿಗೆ ನಿಲ್ಲುತ್ತದೆ, ಅವರ ಬಾಗಿಲ ಹಲಗೆಯ ಮೇಲೆ ಏರುತ್ತದೆ. ಸುಳ್ಳಾಗಿದ್ದರೆ ಬಿಕ್ಕಳಿಕೆ ಬರುತ್ತದೆ. ಹೇಳಿದವನು ನಿಜವೆಂದು ನಂಬಿ ಹೇಳಿದ್ದರೂ ಅಷ್ಟೇ. ನೀರು ಕುಡಿದು ಕೂತುಕೊಳ್ಳಬೇಕು. ಒಬ್ಬರು ಹೇಳಿದ ವಾಕ್ಯವನ್ನು ಇನ್ನೊಬ್ಬರು ಹೇಳುವ ಹಾಗಿಲ್ಲ, ಅದು ಎಂಜಲು ವಾಕ್ಯ. ಹೇಳಿದರೂ ಪದ ನಿಲ್ಲುವುದಿಲ್ಲ.

ಉಮಾಪತಿಗೆ ವಾಕ್ಯಗಳಿಗೇನು ಬರಗಾಲವೇ? ಮಳೆ ಬಂದರೂ ಒಂದು ವಾಕ್ಯ, ಒಲೆಯಲ್ಲಿ ಬನ್ನು ಸೀದರೂ ಒಂದು ವಾಕ್ಯ. ಎದ್ದು ನಿಲ್ಲುತ್ತಾನೆ, ತಲೆ ಕೆರೆಯುತ್ತಾನೆ, ಏನೋ ಒಂದು ಹೇಳುತ್ತಾನೆ, ಬಿಕ್ಕಳಿಕೆಯ ಸುಳಿವೇ ಇಲ್ಲ. ಜನ ಚಪ್ಪಾಳೆ ತಟ್ಟುತ್ತಾರೆ. ನಾನೋ, ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಹೋದರೂ ಬಾಯಿ ತೆರೆದರೆ ಬಿಕ್. ನನಗಿದ್ದದ್ದು ಎರಡೇ ಪದ. ಒಂದು ಮೆಟಿಕ್ಯುಲಸ್, ಕೂದಲೆಳೆಯಷ್ಟೂ ತಪ್ಪದಂತೆ ಕೆಲಸ ಮಾಡುವವರು. ಅಕ್ಷರದ ಅಂಚು ಎಳೆಯುವಾಗ ನಾನು ಮೆಟಿಕ್ಯುಲಸ್ ಎಂದು ಹೇಳಿ ಮರ್ಯಾದೆಯಾಗಿ ಸಂಪಾದಿಸಿದ್ದು. ಇನ್ನೊಂದು ಹೇಗೆ ಬಂತೆಂದರೆ, ಉಮಾಪತಿಗೆ ಯುಫೋರಿಯಾ ನಿಂತ ದಿನ ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದಾಗ ನಾನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದೆ. ಮೇಡಂ ಮುಂದಿನ ಪದ ಓದಿದರು, ಪೆಟ್ಯುಲೆಂಟ್, ಮಕ್ಕಳ ಹಾಗೆ ಮುನಿಸಿಕೊಳ್ಳುವವರು. "ಯಾರ ಹತ್ರ ವಾಕ್ಯ ಇದೆ?" ಎಂದು ಕೇಳಿದಾಗ ಎಲ್ಲರೂ ನನ್ನ ಕಡೆಗೇ ನೋಡಿದರು. "ಹೂಂ, ನಾನೇ ಪೆಟ್ಯುಲೆಂಟ್, ಸಾಕಾ?" ಎಂದು ಚೀರಿದೆ. ಬಿಕ್ಕಳಿಕೆ ಬರಲಿಲ್ಲ. ನಿಂತುಬಿಟ್ಟಿತು, ದರಿದ್ರ ಪದ. ಅದನ್ನು ನಾನು ನನ್ನ ಹಲಗೆಯ ಮೇಲೆ ಬರೆದಿಲ್ಲ.

ಅವನ ಹಲಗೆಯ ಮೇಲೆ ಬರೆಯುವುದು ಮಾತ್ರ ತಪ್ಪಲಿಲ್ಲ. ಗ್ರಿಗೇರಿಯಸ್ ಬರೆಯುವ ದಿನ ಸಣ್ಣ ಕುಂಚ ತೆಗೆದುಕೊಂಡು ಹೋದೆ. ಅದರ ಮುಂದಿನ ಪದಕ್ಕೆ ಇನ್ನೂ ಸಣ್ಣದು. ಹೀಗೆ ಒಂದೊಂದೇ ಪದಕ್ಕೆ ಅಕ್ಷರ ಕುಗ್ಗುತ್ತಾ ಕುಗ್ಗುತ್ತಾ ಸೆರೆನಿಟಿಗೆ ಬರುವಷ್ಟರಲ್ಲಿ ಇರುವೆ ಸಾಲಿನಷ್ಟಾಯಿತು. ರಸ್ತೆಯಲ್ಲಿ ಹೋಗುವವರಿಗೆ ಹಲಗೆ ಖಾಲಿ ಇದ್ದಂತೆಯೇ ಕಾಣಲಿ ಎಂಬುದು ನನ್ನ ಲೆಕ್ಕಾಚಾರ. ಉಮಾಪತಿ ಕೆಳಗೆ ನಿಂತು, ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ನೋಡಿದ. ನನ್ನನ್ನೂ ನೋಡಿದ. ಗೊತ್ತಾಗದೆ ಇರುವಂಥ ದಡ್ಡ ಅಲ್ಲ ಅವನು.

"ಒಳ್ಳೇದೇ ಆಯ್ತು ಬಿಡಿ ಅಣ್ಣ. ಇನ್ನೂ ಜಾಗ ಉಳೀತು," ಎಂದ.

ಮಾರನೆಯ ದಿನ ನೋಡುತ್ತೇನೆ, ಬೇಕರಿಯ ಬಾಗಿಲ ಪಕ್ಕದಲ್ಲಿ ಒಂದು ಮರದ ಸ್ಟೂಲು. ಓದಬೇಕೆನ್ನುವವರು ಹತ್ತಿ ಓದಲಿ ಎಂದು ಇಟ್ಟಿದ್ದಾನೆ! ಜನ ಹತ್ತುತ್ತಾರೆ, ಓದುತ್ತಾರೆ, "ಅಬ್ಬಾ, ಎಂಥಾ ನಾಜೂಕು ಅಕ್ಷರ!" ಎನ್ನುತ್ತಾರೆ. "ನಮ್ಮಣ್ಣ ಬರ್ದಿದ್ದು. ಇಷ್ಟು ಸಣ್ಣಗೆ ಬರೆಯೋ ಕೈ ಈ ಸುತ್ತಮುತ್ತ ಇನ್ನೊಂದಿದ್ರೆ ತೋರ್ಸಿ," ಎಂದು ಇವನು ಒಳಗಿಂದ ಕೂಗಿ ಹೇಳುತ್ತಾನೆ. ಆ ಸ್ಟೂಲು ನೋಡಿದಾಗಲೆಲ್ಲ ಅದನ್ನು ಒದ್ದು ಚರಂಡಿಗೆ ಉರುಳಿಸಬೇಕು ಎನಿಸುತ್ತಿತ್ತು.

ಇಷ್ಟಿರುವಾಗ ನಮ್ಮತ್ತೆ ಅನಸೂಯಮ್ಮನವರ ಪದದ ಮಾತು ಬಂತು. ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಭಾಗೀರಥಿ ನನ್ನ ಹೆಂಡತಿ, ಚಿಕ್ಕವಳು ಮಂದಾಕಿನಿ ಉಮಾಪತಿಯ ಹೆಂಡತಿ. ಅತ್ತೆಯ ಬಾಗಿಲ ಮೇಲಿದ್ದದ್ದು ಒಂದೇ ಪದ, ಮ್ಯಾಗ್ನಾನಿಮಸ್. ಊರಿನ ಹಳೆಯ ಪದಗಳಲ್ಲಿ ಅದೂ ಒಂದು, ಅವರಿಗೆ ಅವರ ಅತ್ತೆಯಿಂದ ಬಂದದ್ದು. ಮನೆತನದ ಪದ ಸೊಸೆಗೆ, ಸೊಸೆಯಿಲ್ಲದಿದ್ದರೆ ಅಳಿಯಂದಿರಿಗೆ ದಾಟುವುದು ರೂಢಿ. ಅರ್ಥ ಗೊತ್ತಿಲ್ಲದಿದ್ದರೂ ಅದರ ಸದ್ದಿಗೇ ನಾನು ಸೋತುಹೋಗಿದ್ದೆ. ಆನೆ ನಡೆದ ಹಾಗೆ ಇರುವ ಆ ಪದ ಒಂದು ನನ್ನ ಬಾಗಿಲ ಮೇಲೆ ಕೂತರೆ ಉಮಾಪತಿಯ ಇರುವೆ ಸಾಲೆಲ್ಲ ಯಾವ ಮೂಲೆಗೆ!

ಅತ್ತೆಗೆ ಮರೆವು ಶುರುವಾಗಿತ್ತು. ಸಾರಿಗೆ ಉಪ್ಪು ಹಾಕಿದ್ದು ಮರೆಯುವುದು, ಮಂದಾಕಿನಿಯನ್ನು ಭಾಗೀರಥಿ ಎನ್ನುವುದು ಹೀಗೆ. ಪೂರ್ತಿ ಮರೆಯುವ ಮೊದಲು ಪದವನ್ನು ಯಾರಿಗಾದರೂ ದಾಟಿಸಬೇಕಿತ್ತು. ಇಲ್ಲದಿದ್ದರೆ ಪದ ಬೋಳಾಗುತ್ತದೆ, ಆಮೇಲೆ ಡಿಕ್ಷನರಿ ಎದೆಗೊತ್ತಿಕೊಂಡರೂ ಯಾರಿಗೂ ನಿಲ್ಲುವುದಿಲ್ಲ. ಹಳೇ ಪೋಸ್ಟ್‌ಮಾಸ್ಟರು ಯಾರಿಗೂ ದಾಟಿಸದೆ ತೀರಿಕೊಂಡರು, ಅವರ ಬಾಗಿಲ ಮೇಲೆ ಕ್ಲೆಮೆನ್ಸಿ ಎಂದು ಇನ್ನೂ ಇದೆ, ಅದೇನೆಂದು ಊರಿನಲ್ಲಿ ಒಬ್ಬರಿಗೂ ತಿಳಿಯದು. ಆ ಬೀದಿಯಲ್ಲಿ ಅವತ್ತಿನಿಂದ ಯಾವ ಜಗಳವೂ ಮುಗಿಯುವುದೇ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಹೇಳಬೇಕಾದರೆ ಅರ್ಥ ಗೊತ್ತಿರಬೇಕಲ್ಲ.

"ರೀ, ಅಮ್ಮನ ಪದ ನಮ್ಮನೆಗೇ ಬರ್ಬೇಕು," ಎಂದಳು ಭಾಗೀರಥಿ. "ದೊಡ್ಡಳಿಯ ನೀವು, ಮೊದಲ ಸರದಿ ನಿಮ್ದೇ. ಮಂದಾಕಿನಿ ಮನೇಲಿ ಹಲಗೆ ತುಂಬಿ ತುಳುಕ್ತಾ ಇದೆ. ನನಗೆ ನನ್ನಮ್ಮಂದು ಅಂತ ಇರೋದು ಇದೊಂದೇ. ಇದೂ ಅವಳ ಪಾಲಾದ್ರೆ ನಾನು ತವರಿನ ಹೊಸ್ತಿಲು ಹೆಂಗ್ರೀ ತುಳೀಲಿ?"

"ನಾನಿಲ್ವೇನೆ?" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟಳು.

ಪದ ದಾಟಿಸುವ ದಿನ ಅತ್ತೆಯ ಮನೆ ಜಗಲಿಯಲ್ಲಿ ಬೀದಿಯವರೆಲ್ಲ ಸೇರಿದ್ದರು. ತಟ್ಟೆಯಲ್ಲಿ ಕಲ್ಲುಸಕ್ಕರೆ, ಪಕ್ಕದಲ್ಲಿ ಬಿಕ್ಕಳಿಕೆಗೆಂದು ಒಂದು ತಂಬಿಗೆ ನೀರು. ಪಂಕಜಾಕ್ಷಿ ಮೇಡಂ ಸಾಕ್ಷಿಗೆ ಕೂತಿದ್ದರು. ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಮೆಲ್ಲಗೆ ಅರ್ಥ ಹೇಳಿದರು.

"ಮ್ಯಾಗ್ನಾನಿಮಸ್ ಅಂದ್ರೆ ದೊಡ್ಡ ಮನಸ್ಸು, ಅಳಿಯಂದ್ರೇ. ಬರೀ ದಾನ ಧರ್ಮ ಅಲ್ಲ. ಎದುರಿಗಿರೋರು ಸಣ್ಣತನ ಮಾಡಿದ್ರೂ ತಾನು ಸಣ್ಣೋರಾಗ್ದೆ ಇರೋದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆಯ ಬೆಳ್ಳಿ ಬಟ್ಟಲು ಕಳೆದುಬಿಟ್ಟೆ. ಹೇಳೋಕೆ ಹೆದರಿ, ಕೆಲಸದವಳು ತಗೊಂಡಿರ್ಬೇಕು ಅಂದೆ. ನಮ್ಮತ್ತೆಗೆ ಎಲ್ಲಾ ಗೊತ್ತಿತ್ತು. ಆದ್ರೂ ಎಲ್ಲರ ಮುಂದೆ 'ನಾನೇ ಎಲ್ಲೋ ಇಟ್ಟು ಮರೆತೆ' ಅಂತ ಹೇಳಿ ಇಬ್ಬರನ್ನೂ ಕಾಪಾಡಿದ್ರು. ಅವರು ಮ್ಯಾಗ್ನಾನಿಮಸ್. ಇದು ನನ್ನ ವಾಕ್ಯ. ಈಗ ನಿಮ್ದು ಹೇಳಿ."

ಅರ್ಥ ಬೆಳಕಿನ ಹಾಗೆ ತಲೆಯೊಳಗೆ ಬಂತು. ಇಷ್ಟೇ ತಾನೆ ಎಂದುಕೊಂಡೆ. ಗಂಟಲು ಸರಿಮಾಡಿಕೊಂಡು, "ವಾಚನಾಲಯದಲ್ಲಿ ಸೆಕೆ ಅಂತ ಜನ ಒದ್ದಾಡ್ತಿದ್ದಾಗ ನಾನು ಒಂದು ಸೀಲಿಂಗ್ ಫ್ಯಾನು ಕೊಡಿಸಿದೆ. ನಾನು ಮ್ಯಾಗ್ನಾನಿಮಸ್," ಎಂದೆ.

ಬಿಕ್.

"ರೆಕ್ಕೆ ರೆಕ್ಕೆಗೂ ನಿಮ್ಮ ಹೆಸರು ಬರ್ದಿದ್ರಲ್ಲ," ಎಂದರು ಪಂಕಜಾಕ್ಷಿ ಮೇಡಂ. "ತಿರುಗಿದ್ರೆ ಹೆಸರು ಕಾಣಲ್ಲ ಅಂತ ಬಂದಾಗೆಲ್ಲ ಆಫ್ ಮಾಡಿಸೋರೂ ನೀವೇ."

ಜಗಲಿಯೆಲ್ಲ ನಕ್ಕಿತು. ನೀರು ಕುಡಿದೆ. ಉಮಾಪತಿ ನಗಲಿಲ್ಲ, ತಂಬಿಗೆಯನ್ನು ನನ್ನ ಹತ್ತಿರ ಸರಿಸಿದ. ಅದು ನೋಡಿ ನನಗೆ ಇನ್ನೂ ರೇಗಿತು. ಯಾರು ಕೇಳಿದ್ದರು ಇವನನ್ನು? ಆ ಕೋಪದಲ್ಲೇ ಹೇಳಿಬಿಟ್ಟೆ, "ಉಮಾಪತಿಗೆ ಇಷ್ಟೊಂದು ಪದ ಸಿಕ್ಕಿದ್ರೂ ನಾನು ಒಂದು ದಿನಾನೂ ಕರುಬಿದವನಲ್ಲ. ನಾನು ಮ್ಯಾಗ್ನಾನಿಮಸ್!"

ಅಂಥ ಬಿಕ್ಕಳಿಕೆಯನ್ನು ನಮ್ಮೂರು ಹಿಂದೆ ಕಂಡಿರಲಿಲ್ಲ. ಕೂತಲ್ಲೇ ಎಗರಿಬಿದ್ದೆ. ಒಂದರ ಹಿಂದೆ ಒಂದು, ಬಿಕ್, ಬಿಕ್, ತಂಬಿಗೆ ಖಾಲಿಯಾಯಿತು, ಇನ್ನೊಂದು ತಂದರು. ಯಾರೋ ಬೆನ್ನು ನೀವಿದರು, ಯಾರೋ ಸಕ್ಕರೆ ಬಾಯಿಗೆ ಹಾಕಿದರು. ಭಾಗೀರಥಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು.

"ಸಾಕು ಬಿಡಿ ಅಳಿಯಂದ್ರೇ, ಪ್ರಾಣ ಹೋದೀತು," ಎಂದರು ಅತ್ತೆ. "ಉಮಾಪತಿ, ನೀನು ಬಾಪ್ಪ."

ನನ್ನ ಜೀವ ಅಲ್ಲೇ ಅರ್ಧವಾಯಿತು. ಅವನು ಬಾಯಿ ತೆರೆದರೆ ಸಾಕಲ್ಲ. ನಾಳೆ ಬೆಳಗ್ಗೆ ಏಣಿ ಹೊತ್ತುಕೊಂಡು ಹೋಗಿ ಮ್ಯಾಗ್ನಾನಿಮಸ್ ಎಂದು ಅವನ ಬಾಗಿಲ ಮೇಲೆ ನಾನೇ ಬರೆಯಬೇಕು, ಅವನು ಕೆಳಗೆ ನಿಂತು ಕಾಫಿ ಬೇಕಾ ಅಣ್ಣ ಎನ್ನಬೇಕು. ಯಾವ ಕುಂಚ ತೆಗೆದುಕೊಂಡು ಹೋಗಲಿ, ರೆಪ್ಪೆಕೂದಲು ಕಿತ್ತು ಬರೆಯಲೇ?

ಉಮಾಪತಿ ಎದುರಿಗೆ ಕೂತು ಅರ್ಥ ಕೇಳಿದ. ಬೆಳ್ಳಿ ಬಟ್ಟಲಿನ ಕಥೆಯನ್ನೂ ಕೇಳಿದ. ಎಂದಿನ ಹಾಗೆ ತಲೆ ಕೆರೆದ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ನಮ್ಮಣ್ಣ ಬಿಕ್ಕಳಿಸ್ತಿದ್ದಾಗ, ಪದ ನನಗೇ ಬರುತ್ತೇನೋ ಅಂತ ಒಂದು ಕ್ಷಣ ಆಸೆ ಆಯ್ತು ಅತ್ತೆ. ಸುಳ್ಳು ಯಾಕೆ ಹೇಳ್ಲಿ? ನಾನು ಮ್ಯಾಗ್ನಾನಿಮಸ್ ಅಲ್ಲ," ಎಂದ.

ಅಲ್ಲ ಎಂದು ಹೇಳಿದರೂ ಅದು ಸ್ವಂತ ವಾಕ್ಯವೇ. ಹಾಗೆ ಹೇಳಿ ಪದ ಪಡೆದವರು ಎಷ್ಟೋ ಜನ ಇದ್ದಾರೆ. ಹಾಳಾದವನೇ, ಎಂದುಕೊಂಡೆ ನಾನು. ಆ ವಾಕ್ಯ ನನಗೇ ಅಳತೆ ತೆಗೆದು ಹೊಲಿಸಿದಂತಿತ್ತು! ನಾನು ಮ್ಯಾಗ್ನಾನಿಮಸ್ ಅಲ್ಲ ಎಂದು ನಾನು ಹೇಳಿದ್ದರೆ ಊರಿಗೆ ಊರೇ ಹೌದು ಹೌದು ಎನ್ನುತ್ತಿತ್ತು. ನನಗೆ ಹೊಳೆಯುವ ಮೊದಲೇ ಅದನ್ನೂ ಎಂಜಲು ಮಾಡಿಬಿಟ್ಟ.

ಎಲ್ಲರೂ "ನಿಂತಿತು!" ಎಂದು ಕೂಗಲು ಬಾಯಿ ತೆರೆದಿದ್ದರು.

ಬಿಕ್.

ಉಮಾಪತಿ ಬಿಕ್ಕಳಿಸಿದ್ದ! ಯಾವತ್ತೂ ಬಿಕ್ಕಳಿಸದ ಉಮಾಪತಿ ಕಣ್ಣು ಕಣ್ಣು ಬಿಡುತ್ತಾ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದ. ನನ್ನ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು. ಸೋತ, ಸೋತ, ಇವನೂ ಸೋತ! ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಅಲ್ಲ ಎಂದಿದ್ದಕ್ಕೆ ಬಿಕ್ಕಳಿಕೆ ಬಂದಿತೆಂದರೆ ಏನರ್ಥ ಎನ್ನುವುದು ಜಗಲಿಯ ಮೇಲಿದ್ದ ಒಬ್ಬೊಬ್ಬರಿಗೇ ಹೊಳೆಯತೊಡಗಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನಿಗೊಬ್ಬನಿಗೆ ಹೊಳೆದಿರಲಿಲ್ಲ. "ನಿಜಾನೇ ಹೇಳ್ದೆ ಅತ್ತೆ, ಯಾಕೆ ಬಂತೋ ಕಾಣೆ," ಎಂದು ನೀರಿಗೆ ಕೈ ಚಾಚುತ್ತಿದ್ದ.

"ಇನ್ನೊಂದು ವಾಕ್ಯ ಹೇಳು ಉಮಾಪತಿ," ಎಂದರು ಮೇಡಂ.

"ನನ್ನ ಹತ್ರ ಇನ್ನಿಲ್ಲ ಮೇಡಂ. ಅಣ್ಣನಿಗೇ ಇನ್ನೊಂದು ಸಲ ಬಿಡಿ. ಅವ್ರಿಗೆ ತುಂಬಾ ಆಸೆ ಇದೆ."

ಅಷ್ಟರಲ್ಲಿ ಅತ್ತೆ ಹಣೆ ಒತ್ತಿಕೊಂಡರು. "ಬೇಗ ಯಾರಾದ್ರೂ ತಗೊಳ್ರಪ್ಪ. ಬಟ್ಟಲು... ಬೆಳ್ಳೀದೋ ಹಿತ್ತಾಳೇದೋ? ಯಾರು ಕಳೆದಿದ್ದು? ಜಾರ್ತಾ ಇದೆ ಕಣ್ರೇ," ಎಂದರು. ಭಾಗೀರಥಿ ಸೆರಗು ತೆಗೆದು ನನ್ನನ್ನು ನೋಡಿದಳು. ಅಮ್ಮನ ಪದ ಬೋಳಾಗುವುದನ್ನು ಕಣ್ಣಾರೆ ಕಾಣುತ್ತಿರುವವಳ ಮುಖ ಅದು.

ನನ್ನ ಹತ್ತಿರ ಒಂದು ನಿಜವಾದ ವಾಕ್ಯ ಇತ್ತು. ಅದು ಉಮಾಪತಿ ಬಿಕ್ಕಳಿಸಿದ ಕ್ಷಣದಿಂದಲೇ ನಾಲಿಗೆಯ ತುದಿಯಲ್ಲಿ ಕೂತಿತ್ತು. ಅದನ್ನು ಬಿಟ್ಟು ಬೇರೆ ಏನಾದರೂ ಸಿಗುತ್ತದೆಯೇ ಎಂದು ಇಡೀ ಬಾಳನ್ನು ತಡಕಾಡಿದೆ. ಅಪ್ಪನನ್ನು ನೆನೆದೆ, ಮೇಷ್ಟರನ್ನು ನೆನೆದೆ, ಬಣ್ಣದ ಅಂಗಡಿಯವನನ್ನೂ ನೆನೆದೆ. ಒಬ್ಬರ ಮುಂದೆಯೂ ನಾನು ಅಷ್ಟು ಸಣ್ಣವನಾಗಿರಲಿಲ್ಲ, ಹಾಗಾಗಿ ಒಬ್ಬರಿಗೂ ದೊಡ್ಡವರಾಗುವ ಅವಕಾಶ ಸಿಕ್ಕಿರಲಿಲ್ಲ. ಅತ್ತೆಯ ಮೊಣಕಾಲು ಮುಟ್ಟಿ, ನೆಲ ನೋಡುತ್ತಾ ಹೇಳಿದೆ.

"ನಾನು ಹೊಟ್ಟೆಕಿಚ್ಚಿಗೆ ಇವನ ಪದಗಳನ್ನ ಯಾರಿಗೂ ಕಾಣದ ಹಾಗೆ ಸಣ್ಣಗೆ ಬರೆದೆ. ಇವನಿಗೆ ಗೊತ್ತಾಯ್ತು. ಆದ್ರೂ ಒಂದು ಮಾತು ಆಡ್ದೆ ಬಾಗಿಲಲ್ಲಿ ಸ್ಟೂಲು ಇಟ್ಟು, ನನ್ನ ಅಕ್ಷರಾನ ಊರಿಗೆಲ್ಲ ಹೊಗಳಿದ. ನನ್ನ ಷಡ್ಡಕ ಉಮಾಪತಿ ಮ್ಯಾಗ್ನಾನಿಮಸ್."

ನಾನು ಬಿಕ್ಕಳಿಕೆಗೆ ಕಾದೆ. ನಿಜ ಹೇಳಬೇಕೆಂದರೆ, ಬರಲಿ ಎಂದು ಬೇಡಿಕೊಂಡೆ. ಇದೊಂದು ಸುಳ್ಳಾಗಿಬಿಡಲಿ ದೇವರೇ, ಇನ್ನೇನೂ ಬೇಡ ಎಂದುಕೊಂಡೆ. ಬರಲಿಲ್ಲ. ಪದ ಬಂದು ಎದೆಯೊಳಗೆ ಕೂತಿತು, ಅತ್ತೆಯ ಬಟ್ಟಲೂ ಅವರತ್ತೆಯ ಮಾತೂ ಎಲ್ಲವೂ ಜೊತೆಗೇ ಬಂದವು. ಅತ್ತೆಯ ಮುಖ ಹಗುರವಾಯಿತು. "ನಿಂತಿತು," ಎಂದರು. ಮರುಕ್ಷಣವೇ "ಏನು ನಿಂತಿತು?" ಎಂದು ಭಾಗೀರಥಿಯನ್ನು ಕೇಳಿದರು.

ಜನ ಕಲ್ಲುಸಕ್ಕರೆ ತಿಂದು ಮೆಟ್ಟಿಲಿಳಿದರು. ಇಳಿಯುತ್ತಿದ್ದಂತೆ ಅರ್ಥದ ಜೊತೆಗೆ ನನ್ನ ವಾಕ್ಯವೂ ಅವರಿಂದ ಜಾರಿಹೋಯಿತು. ಅವತ್ತು ದೊಡ್ಡಳಿಯ ಗೆದ್ದರು ಎನ್ನುವುದಷ್ಟೇ ಊರಿಗೆ ನೆನಪು. ಅಬ್ಬಾ, ಬಚಾವಾದೆ ಎಂದುಕೊಂಡು ಮಾರನೆಯ ದಿನವೇ ನನ್ನ ಬಾಗಿಲ ಮೇಲೆ ಮೂರು ಬೀದಿಗೆ ಕಾಣುವ ಹಾಗೆ ಮ್ಯಾಗ್ನಾನಿಮಸ್ ಎಂದು ಬರೆದೆ. ಕೆಂಪು ಬಣ್ಣ, ಹಳದಿ ಅಂಚು. ಭಾಗೀರಥಿ ಕೆಳಗೆ ನಿಂತು ಏಣಿ ಹಿಡಿದುಕೊಂಡಳು. ನಮ್ಮ ಮದುವೆಯಾದ ಮೇಲೆ ಅವಳು ಏಣಿ ಹಿಡಿದದ್ದು ಅದೇ ಮೊದಲು.

ದೊಡ್ಡದಾಗಿ ಬರೆದದ್ದೇ ತಪ್ಪಾಯಿತು. ಕಂಡವರೆಲ್ಲ ಮೆಟ್ಟಿಲು ಹತ್ತಿ ಬಂದು ಅರ್ಥ ಕೇಳುತ್ತಾರೆ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ, ಅರ್ಥದ ಜೊತೆ ಸ್ವಂತ ವಾಕ್ಯವನ್ನೂ ಹೇಳಲೇಬೇಕು. ಹೇಳುತ್ತೇನೆ. ಪ್ರತಿಯೊಬ್ಬರೂ ಅದನ್ನು ಹೊಸದಾಗಿ ಕೇಳಿ ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. "ಅಯ್ಯೋ, ನೀವಾ? ಬೇಕೂಂತ ಸಣ್ಣಗೆ ಬರೆದ್ರಾ?" ಎನ್ನುತ್ತಾರೆ. ಮೆಟ್ಟಿಲಿಳಿದು ಮರೆತು, ಮುಂದಿನ ವಾರ ಅವರೇ ಮತ್ತೆ ಬಂದು, ಮತ್ತೆ ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಭಾಗೀರಥಿಯೂ ತರಕಾರಿಗೆ ಹೋಗಿ ಬಂದಾಗಲೆಲ್ಲ ಹಲಗೆ ನೋಡಿ, "ರೀ, ಅಮ್ಮನ ಪದ ಅಂದ್ರೆ ಏನೂ ಅಂದ್ರಿ?" ಎಂದು ಕೇಳುತ್ತಾಳೆ. ಉಮಾಪತಿಯನ್ನು ಹೊಗಳುವುದೇ ಈಗ ನನ್ನ ಉದ್ಯೋಗವಾಗಿದೆ.

ಗುರುವಾರ ಬೇಕರಿಗೆ ರಜ. ಅವತ್ತು ಅವನೇ ಬರುತ್ತಾನೆ, ಕೈಯಲ್ಲಿ ಕಾಗದ ಸುತ್ತಿದ ದಿಲ್‌ಪಸಂದ್ ಹಿಡಿದುಕೊಂಡು. ಇವತ್ತೂ ಬಂದಿದ್ದ.

"ಅಣ್ಣ, ಮ್ಯಾಗ್ನಾನಿಮಸ್ ಅಂದ್ರೆ ಏನು? ನಿಮ್ಮನೆ ಮೆಟ್ಟಿಲಿಳಿದು ಬರೋರು ನನ್ನ ಕಂಡ ತಕ್ಷಣ ಕೈ ಮುಗೀತಾರೆ. ಯಾಕ್ರಪ್ಪಾ ಅಂದ್ರೆ ಗೊತ್ತಿಲ್ಲ ಅಂತಾರೆ."

ಹೇಳಿದೆ. ಸಣ್ಣ ಕುಂಚದಿಂದ ಹಿಡಿದು ಸ್ಟೂಲಿನವರೆಗೆ, ಒಂದೂ ಬಿಡದೆ. ಅವನು ಕೇಳುತ್ತಾ ಕೇಳುತ್ತಾ ಕಿವಿ ಕೆಂಪಗೆ ಮಾಡಿಕೊಂಡ. "ಛೇ ಛೇ, ಯಾರೋ ಬೇರೆಯವರ ಬಗ್ಗೆ ಹೇಳ್ದಂಗಿದೆ. ಅಕ್ಷರ ಚೆನ್ನಾಗಿತ್ತು ಅಂತ ತಾನೆ ಹೇಳಿದ್ದು ನಾನು," ಎಂದ. ದಿಲ್‌ಪಸಂದನ್ನು ನನ್ನ ಕೈಗಿಟ್ಟು, "ಹೊಸ ಪದ ಒಂದು ನಿಂತಿದೆ ಅಣ್ಣ, ಬಿಡುವಾದಾಗ ಬಂದು ಬರೆದುಕೊಡಿ," ಎಂದು ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಲ್ಲಿ ಒಮ್ಮೆ ನಿಂತ. ಅಲ್ಲಿಗೆ ಅವನಿಗೆ ಎಲ್ಲವೂ ಮರೆತುಹೋಯಿತು. ತಿರುಗಿ ನನ್ನ ಹಲಗೆ ನೋಡಿ, "ಎಂಥಾ ಪದ ಅಣ್ಣ ನಿಮ್ದು!" ಎಂದು ಸಂತೋಷಪಟ್ಟು, ಶಿಳ್ಳೆ ಹಾಕುತ್ತಾ ಹೋದ.

ನಾಳೆ ಅವನ ಬಾಗಿಲಿಗೆ ಹೋಗಬೇಕು. ಅಕ್ಷರ ಈ ಸಲವೂ ಸಣ್ಣಗೇ ಬರುತ್ತದೆ, ನನ್ನ ಕೈ ನನಗೆ ಗೊತ್ತು. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಮರೆಯುತ್ತಾನೆ, ನಾನು ಮರೆಯುವ ಹಾಗಿಲ್ಲ. ಅದಕ್ಕೂ ಹೊಟ್ಟೆಕಿಚ್ಚಾಗುತ್ತದೆ ನನಗೆ. ಹೊಸ್ತಿಲ ಮೇಲೆ ಕೂತು ದಿಲ್‌ಪಸಂದ್ ತಿಂದೆ. ಚೆನ್ನಾಗಿತ್ತು, ಹಾಳಾದವನದು.